ಬೆಳಕಿನ ಎಳೆಗಳು: ದಟ್ಟಣೆಯೂ ಶಿಸ್ತೂ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ನಿತ್ಯವೂ ಕೈಯಿಂದ ಮುಟ್ಟುವ ವಿಷಯವನ್ನೇ ಆರಿಸಿಕೊಂಡೆ. ಈ ಶಾಲೆಯ ಹಳೆಯ ವಿದ್ಯಾರ್ಥಿಯಾದ ನಾನು ನವಿ ಮುಂಬಯಿಯ ಡೇಟಾ ಸೆಂಟರುಗಳಲ್ಲಿ ಆಪ್ಟಿಕಲ್ ಫೈಬರ್ ಕೇಬಲ್ ಹಾಸುವ ಕೆಲಸದಲ್ಲಿದ್ದೇನೆ. ಮಂಗಳವೇಢೆಯ ಅಂಗಡಿಯಲ್ಲಿ ನಿಂತು ನಾವು ಮೊಬೈಲಿನಿಂದ ಹಣ ಕಳುಹಿಸಿದರೆ, ಆ ಲೆಕ್ಕ ಬರೆಯಲ್ಪಡುವುದು ಎಲ್ಲೋ ಇರುವ ಇಂಥ ಒಂದು ಕಟ್ಟಡದ ಯಂತ್ರಗಳಲ್ಲಿ. ಆ ಯಂತ್ರಗಳನ್ನು ಒಂದಕ್ಕೊಂದು ಬೆಸೆಯುವುದು ಗಾಜಿನ ಸಣ್ಣ ಎಳೆ.

ಬೆಳಕು ಎಳೆಯೊಳಗೆ ನಿಲ್ಲುವ ಬಗೆ

ಈ ಎಳೆಯ ನಡುವೆ ತಿರುಳು, ಅದರ ಸುತ್ತ ಹೊದಿಕೆ, ಎರಡೂ ಗಾಜೇ. ತಿರುಳಿನ ವಕ್ರೀಭವನ ಸೂಚ್ಯಂಕವು ಹೊದಿಕೆಯದಕ್ಕಿಂತ ತುಸು ಹೆಚ್ಚು. ಆದುದರಿಂದ ಓರೆಯಾಗಿ ಬಂದ ಬೆಳಕು ಹೊರಗೆ ಸೋರದೆ ಒಳಗೊಳಗೇ ಪ್ರತಿಫಲಿಸುತ್ತ ಮುಂದೆ ಸಾಗುತ್ತದೆ. ‘ಸಂಪೂರ್ಣ ಆಂತರಿಕ ಪ್ರತಿಫಲನ’ವೆಂಬ ಈ ಪಾಠವನ್ನು ನಾನು ಇದೇ ಶಾಲೆಯಲ್ಲಿ ಕನ್ನಡದಲ್ಲಿ ಕಲಿತೆ. ಹೊದಿಕೆಯೂ ಸೇರಿ ಗಾಜಿನ ವ್ಯಾಸ 125 ಮೈಕ್ರಾನ್. ದೂರದ ಮಾರ್ಗಗಳಿಗೆ ಬಳಸುವ ಎಳೆಯಲ್ಲಿ ಬೆಳಕು ಹಾಯುವ ತಿರುಳು ಸುಮಾರು 9 ಮೈಕ್ರಾನ್ ಮಾತ್ರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ನಮ್ಮ ದೇಶದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಲಂಡನ್ನಿನಲ್ಲಿ ನಡೆಸಿದ ಪ್ರಯೋಗದಲ್ಲಿ ಇಂಥ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಿದರು. ಅದರ ವರದಿ 1954ರಲ್ಲಿ ಪ್ರಕಟವಾಯಿತು. ಆದರೆ ಅಂದಿನ ಗಾಜಿನಲ್ಲಿ ಬೆಳಕು ಬೇಗ ಕುಂದುತ್ತಿತ್ತು. ಒಂದು ಕಿಲೋಮೀಟರು ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಉಳಿದರೂ ದೂರಸಂಪರ್ಕಕ್ಕೆ ಸಾಕೆಂದು ಚಾರ್ಲ್ಸ್ ಕಾವೊ ಅವರು 1966ರಲ್ಲಿ ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ವಿಜ್ಞಾನಿಗಳು ಆ ಗುರಿಯನ್ನು ದಾಟಿದರು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿನ ಒಳ್ಳೆಯ ಎಳೆಯಲ್ಲಿ ಆ ನೂರರ ಒಂದು ಪಾಲು ಉಳಿಯುವುದು 100 ಕಿಲೋಮೀಟರಿನ ನಂತರ!

ದಟ್ಟಣೆ ಏಕೆ ಬೇಕಾಯಿತು?

ಮೊದಲು ಒಂದು ಜೋಡಣೆಗೆ ಎರಡು ಎಳೆ ಸಾಕಾಗುತ್ತಿದ್ದವು: ಒಂದು ಕಳುಹಿಸಲು, ಒಂದು ಪಡೆಯಲು. ಇಂದು ಸೆಕೆಂಡಿಗೆ 400 ಗಿಗಾಬಿಟ್ ಸಾಗಿಸುವ ಹಲವು ಜೋಡಣೆಗಳಿಗೆ 8, 800 ಗಿಗಾಬಿಟ್‌ನವಕ್ಕೆ 16 ಎಳೆ ಬೇಕು. ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಕ್ಕೆ ಸಾವಿರಾರು ಯಂತ್ರಗಳು ಏಕಕಾಲಕ್ಕೆ ಮಾತನಾಡಿಕೊಳ್ಳಬೇಕು. ಸಾವಿರ ಯಂತ್ರಗಳಿಗೆ ಒಂದೊಂದೇ ಜೋಡಣೆಯೆಂದರೂ ಎಂಟು ಸಾವಿರ ಎಳೆಗಳಾದವು. ಕಟ್ಟಡವಾದರೋ ಅಷ್ಟೇ.

ಹೀಗಾಗಿ ಎಳೆಗಳನ್ನು ಒತ್ತಾಗಿ ಜೋಡಿಸುವ ಉಪಾಯಗಳು ಬಂದವು. ಎಳೆಯ ಮೇಲಿನ ರಕ್ಷಕ ಲೇಪದ ಹೊರವ್ಯಾಸವನ್ನು 250 ಮೈಕ್ರಾನಿನಿಂದ 200ಕ್ಕೆ ಇಳಿಸಿದರೆ ಪ್ರತಿ ಎಳೆ ಆಕ್ರಮಿಸುವ ಜಾಗ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಹನ್ನೆರಡು ಎಳೆಗಳನ್ನು ಪಟ್ಟಿಯಂತೆ ಅಂಟಿಸಿದರೆ ಹನ್ನೆರಡನ್ನೂ ಒಮ್ಮೆಗೇ ಬೆಸುಗೆ ಹಾಕಬಹುದು. 6,912 ಎಳೆಗಳ ಕೇಬಲುಗಳೂ ಇಂದು ಬಳಕೆಯಲ್ಲಿವೆ. ಎಂಪಿಒ ಎಂಬ ಕನೆಕ್ಟರು ಬೆರಳ ತುದಿಯಷ್ಟು ಜಾಗದಲ್ಲಿ 12 ಎಳೆಗಳನ್ನು ಹಿಡಿಯುತ್ತದೆ. ಯಂತ್ರದ ಚೌಕಟ್ಟಿನಲ್ಲಿ ಒಂದೂಮುಕ್ಕಾಲು ಇಂಚು ಎತ್ತರದ ಒಂದು ಅರೆಯಲ್ಲಿ ಇಂಥ 72 ಕನೆಕ್ಟರುಗಳು, ಅಂದರೆ 864 ಎಳೆಗಳು ಕೂಡುತ್ತವೆ.

ನಾನು ಕಲಿತ ಪಾಠ

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ರಾತ್ರಿ ಪಾಳಿಯಲ್ಲಿ ಹಳೆಯ ಜೋಡಣೆಯೊಂದನ್ನು ತೆಗೆಯಲು ನನಗೆ ಹೇಳಿದರು. ಕೇಬಲಿನ ಒಂದೇ ತುದಿಗೆ ಲೇಬಲ್ ಇತ್ತು. ಕಂತೆಯನ್ನು ಬೆರಳೂ ತೂರದಷ್ಟು ಬಿಗಿದಿದ್ದರು. ಇದೇ ಇರಬೇಕೆಂದು ಊಹಿಸಿ ಎಳೆದೆ, ಬಂದದ್ದು ಪಕ್ಕದ್ದು. ನಡೆಯುತ್ತಿದ್ದ ಸೇವೆ ಕೆಲವು ನಿಮಿಷ ನಿಂತುಹೋಯಿತು. ಆ ನಿಮಿಷಗಳಲ್ಲಿ ಯಾರ ಹಣ ಎಲ್ಲಿ ತಡೆಯಿತೋ, ಯಾವ ಆಸ್ಪತ್ರೆಯ ವರದಿ ಯಾರಿಗೆ ಸಿಗಲಿಲ್ಲವೋ, ಇಂದಿಗೂ ನಾನರಿಯೆ.

ಮರುದಿನ ನನಗೆ ನೆನಪಾದುದು ನಮ್ಮ ಹೊಲ. ಹಿಂಗಾರಿ ಜೋಳವನ್ನು ಕೂರಿಗೆಯಿಂದ ಸಾಲು ಹಿಡಿದು ಬಿತ್ತುತ್ತೇವೆ. ಇಡಿಕಿರಿದು ಚೆಲ್ಲಿದರೆ ಬೀಜ ಹೆಚ್ಚು ಹಿಡಿದೀತು. ಆದರೆ ಎಡೆಕುಂಟೆ ಹೊಡೆಯಲು ಜಾಗ ಉಳಿಯದು. ಕೇಬಲಿನದೂ ಅದೇ ನ್ಯಾಯ. ಎಷ್ಟು ತುರುಕಿದೆವು ಎಂಬುದು ಮುಖ್ಯವಲ್ಲ. ಉಳಿದವನ್ನು ಅಲುಗಿಸದೆ ಒಂದನ್ನು ಹೊರತೆಗೆಯಲು ಸಾಧ್ಯವೇ ಎಂಬುದು ಮುಖ್ಯ.

ಪಾಲಿಸಬೇಕಾದ ನಿಯಮಗಳು

ಒಂದು: ಎರಡೂ ತುದಿಗಳಿಗೆ ಲೇಬಲ್ ಇರಬೇಕು, ಅದು ದಾಖಲೆಯೊಡನೆ ತಾಳೆಯಾಗಬೇಕು.

ಎರಡು: ಜೋಡಿಸುವ ಮುನ್ನ ಪ್ರತಿ ತುದಿಯನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಒರೆಸಿ, ಮತ್ತೆ ಪರೀಕ್ಷಿಸಬೇಕು. 9 ಮೈಕ್ರಾನಿನ ಹಾದಿಯನ್ನು ಮುಚ್ಚಲು ಕಣ್ಣಿಗೆ ಕಾಣದ ಧೂಳಿನ ಕಣವೊಂದು ಸಾಕು.

ಮೂರು: ಹಾಸಿದ ಕೇಬಲನ್ನು ಅದರ ದಪ್ಪದ ಹತ್ತು ಪಟ್ಟಿಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಿಸಬಾರದೆಂಬುದು ಸಾಮಾನ್ಯ ನಿಯಮ. ಹೆಚ್ಚು ಬಾಗಿದಲ್ಲಿ ಬೆಳಕು ಸೋರುತ್ತದೆ.

ನಾಲ್ಕು: ಬಣ್ಣದ ಕ್ರಮ ತಪ್ಪಬಾರದು. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ: ಈ ಹನ್ನೆರಡನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತೇವೆ. ಕ್ರಮ ತಪ್ಪಿದರೆ ಕಳುಹಿಸುವ ತುದಿ ಪಡೆಯುವ ತುದಿಗೆ ಸೇರುವುದಿಲ್ಲ.

ಐದು: ಎಳೆಯ ತುದಿಯನ್ನು ಎಂದೂ ಬರಿಗಣ್ಣಿನಿಂದ ಇಣುಕಿ ನೋಡಬಾರದು. ಅದರೊಳಗಿನ ಬೆಳಕು ಕಣ್ಣಿಗೆ ಕಾಣದು, ಆದರೂ ಕಣ್ಣನ್ನು ಕೆಡಿಸಬಲ್ಲುದು.

ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಕಾಯಕ ಆರಂಭಿಸಿದ್ದು ಇದೇ ಮಂಗಳವೇಢೆಯಲ್ಲಿ ಎಂದು ಪರಂಪರೆ ಹೇಳುತ್ತದೆ. ಒಂದು ಕಾಸಿನ ಲೆಕ್ಕವೂ ತಪ್ಪಬಾರದೆಂಬುದು ಕರಣಿಕನ ಧರ್ಮ. ಒಂದು ಎಳೆಯ ಲೆಕ್ಕವೂ ತಪ್ಪಬಾರದೆಂಬುದು ನಮ್ಮದು. ಗಡಿನಾಡಿನ ಕನ್ನಡ ಶಾಲೆಯಲ್ಲಿ ಕಲಿತವರು ಹೊರಗೆ ಹೇಗೆ ನಿಲ್ಲುವರೆಂದು ಚಿಂತಿಸುವ ತಂದೆತಾಯಿಗಳಿಗೆ ನನ್ನ ವಿನಮ್ರ ಉತ್ತರವಿಷ್ಟೇ: ಕೆಲಸದಲ್ಲಿ ನಾನು ಮರಾಠಿ, ಹಿಂದಿ, ಇಂಗ್ಲಿಷ್ ಆಡುತ್ತೇನೆ, ಬೆಳಕು ಏಕೆ ಸೋರಿತೆಂದು ಯೋಚಿಸುವಾಗ ಮಾತ್ರ ಮನಸ್ಸಿಗೆ ಬರುವುದು ಇಲ್ಲಿಯ ಕರಿಹಲಗೆಯ ಮೇಲಿನ ಚಿತ್ರ. ಆ ಚಿತ್ರ ಬರೆದ ಗುರುಗಳಿಗೆ ನಮಸ್ಕರಿಸಿ, ಶಾಲೆಯು ಶತಮಾನೋತ್ಸವವನ್ನೂ ಕಾಣಲೆಂದು ಹಾರೈಸುತ್ತೇನೆ.