ಪರಮಾಣು ಹಿಡಿಯುವುದು ತನ್ನ ಬಣ್ಣವನ್ನೇ

ಉಪ್ಪು ಹಾಕಿದ ಗಂಜಿ ಉಕ್ಕಿ ಗ್ಯಾಸ್ ಒಲೆಯ ಮೇಲೆ ಚೆಲ್ಲಿದರೆ ನೀಲಿ ಉರಿ ಒಮ್ಮೆಲೇ ಹಳದಿಗೆ ತಿರುಗುತ್ತದೆ. ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನದು. ಪುಡಿ ಉಪ್ಪಾದರೂ ಕಲ್ಲುಪ್ಪಾದರೂ ಬಣ್ಣ ಅದೇ. ಏಕೆ? ಇದಕ್ಕೆ ಉತ್ತರ ತಿಳಿದರೆ ಪರಮಾಣುವಿನ ಸ್ವಭಾವದ ಅರ್ಧ ತಿಳಿದಂತೆ.

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ತೂಕವೆಲ್ಲ ಹೆಚ್ಚುಕಡಿಮೆ ಅಲ್ಲೇ. ಗಾತ್ರದಲ್ಲಿ ಮಾತ್ರ ಅದು ಪರಮಾಣುವಿಗಿಂತ ಹತ್ತಾರು ಸಾವಿರ ಪಟ್ಟು ಚಿಕ್ಕದು. ಸುತ್ತಲೂ ಎಲೆಕ್ಟ್ರಾನುಗಳು. ಸೋಡಿಯಂಗೆ ಅಂಥವು 11. ಹತ್ತು ಒಳಗೆ ಬಿಗಿಯಾಗಿವೆ, ಹನ್ನೊಂದನೆಯದು ಹೊರಗೆ ಸಡಿಲವಾಗಿದೆ. ಸೋಡಿಯಂ ಕ್ಲೋರಿನ್ ಜೊತೆ ಸೇರಿ ಉಪ್ಪಾಗುವುದು ಇದೊಂದನ್ನು ಬಿಟ್ಟುಕೊಟ್ಟೇ.

ಉರಿಯ ಬಿಸಿಗೆ ಉಪ್ಪು ಒಡೆದು ಬಿಡಿ ಸೋಡಿಯಂ ಪರಮಾಣುಗಳು ಹೊರಬರುತ್ತವೆ. ಅವುಗಳ ಹೊರ ಎಲೆಕ್ಟ್ರಾನ್ ಬಿಸಿಯಿಂದ ಮೇಲಿನ ಶಕ್ತಿಮಟ್ಟಕ್ಕೆ ಏರುತ್ತದೆ, ಮರುಕ್ಷಣ ಇಳಿಯುತ್ತದೆ. ನಡುವೆ ಎಲ್ಲೂ ನಿಲ್ಲುವ ಹಾಗಿಲ್ಲ. ಇಳಿಯುವಾಗ ಉಳಿದ ಶಕ್ತಿ ಬೆಳಕಾಗುತ್ತದೆ. ಅದರ ತರಂಗಾಂತರ ಸುಮಾರು 589 ನ್ಯಾನೋಮೀಟರ್. ಅದೇ ಬೆಳಕನ್ನು ಎದುರಿಗೆ ಹಿಡಿದರೆ ಸೋಡಿಯಂ ನುಂಗಿಕೊಳ್ಳುತ್ತದೆ; ಹಸಿರನ್ನು ಹಿಡಿದರೆ ಹಾಗೇ ಬಿಟ್ಟುಬಿಡುತ್ತದೆ.

ಈ ಗುಣವನ್ನೇ ಬಳಸಿ ಪರಮಾಣುವಿಗೆ ಬ್ರೇಕ್ ಹಾಕಬಹುದು. ಬೆಂಗಳೂರಿನ ಬೆನ್ಸನ್ ಟೌನಿನಿಂದ ಮೇಖ್ರಿ ಸರ್ಕಲ್ ಕಡೆ ಹೋದರೆ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಸಿಗುತ್ತದೆ. ಅಲ್ಲಿನ ಪ್ರಯೋಗಾಲಯಗಳಲ್ಲಿ ರುಬಿಡಿಯಂನಂಥ ಪರಮಾಣುಗಳನ್ನು ಲೇಸರಿನಿಂದ ತಣಿಸುತ್ತಾರೆ, ಅಂದರೆ ಅವುಗಳ ಓಟವನ್ನು ನಿಧಾನಗೊಳಿಸುತ್ತಾರೆ. ರುಬಿಡಿಯಂಗೆ 37 ಎಲೆಕ್ಟ್ರಾನುಗಳಿದ್ದರೂ ಹೊರಗಿರುವುದು ಒಂದೇ. ತಣಿಸಲು ಬಳಸುವ ಬೆಳಕು 780 ನ್ಯಾನೋಮೀಟರಿನ ಕಡುಗೆಂಪು. ಕೋಣೆಯ ಬಿಸಿಯಲ್ಲಿ ರುಬಿಡಿಯಂ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತದೆ. ಎದುರಿನಿಂದ ಬಂದ ಒಂದು ಬೆಳಕಿನ ಕಣ ನುಂಗಿದರೆ ವೇಗ ಸೆಕೆಂಡಿಗೆ 6 ಮಿಲಿಮೀಟರಿನಷ್ಟು ಇಳಿಯುತ್ತದೆ. ಮತ್ತೆ ಹೊರಬಿಡುವಾಗಲೂ ತಳ್ಳು ಬೀಳುತ್ತದೆ. ಆದರೆ ಅದು ದಿಕ್ಕಿಲ್ಲದ್ದು, ಸರಾಸರಿಯಲ್ಲಿ ಕಳೆದುಹೋಗುತ್ತದೆ. ಹೀಗೆ 50 ಸಾವಿರದಷ್ಟು ಕಣಗಳು ಸಾಕು, ಓಟ ಬಹುತೇಕ ನಿಲ್ಲುತ್ತದೆ.

ಹಿಂದಿನಿಂದ ಬರುವ ಬೆಳಕು ಅದನ್ನು ಮುಂದಕ್ಕೆ ತಳ್ಳುವುದಿಲ್ಲವೆ? ಕಂಟೋನ್ಮೆಂಟ್ ಸ್ಟೇಷನ್ನಿಗೆ ಬರುವ ರೈಲಿನ ಹಾರ್ನ್ ಹತ್ತಿರವಾಗುವಾಗ ಕೀರಲಾಗಿ, ದಾಟಿ ಹೋಗುವಾಗ ದಪ್ಪಗೆ ಕೇಳುತ್ತದಲ್ಲ, ಬೆಳಕಿಗೂ ಹಾಗೇ ಆಗುತ್ತದೆ. ಆರು ದಿಕ್ಕಿನಿಂದ ಬರುವ ಲೇಸರುಗಳ ಆವರ್ತನವನ್ನು ಬೇಕಾದ್ದಕ್ಕಿಂತ ತುಸು ಕಡಿಮೆ ಇಡುತ್ತಾರೆ. ಎದುರಿಗೆ ಓಡಿಬರುವ ಪರಮಾಣುವಿಗೆ ಅದು ಏರಿ ಸರಿಯಾಗಿ ತನ್ನದಾಗುತ್ತದೆ. ದೂರ ಓಡುವುದಕ್ಕೆ ಇನ್ನಷ್ಟು ಇಳಿದು ಹೊಂದದೆ ಹೋಗುತ್ತದೆ. ಹಾಗಾಗಿ ಓಡುವ ದಿಕ್ಕಿಗೆ ಎದುರಾಗಿಯೇ ತಳ್ಳು ಬೀಳುತ್ತದೆ. ಕೊನೆಗೆ ಉಳಿಯುವ ಬಿಸಿ ಕೆಲ್ವಿನ್ನಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಈ ವಿಧಾನಕ್ಕೆ 1997ರಲ್ಲಿ ನೊಬೆಲ್ ಬಂತು.

ಒಂದೇ ಬಗೆಯ ರುಬಿಡಿಯಂ ಪರಮಾಣುಗಳಿಗೆಲ್ಲ ಶಕ್ತಿಮಟ್ಟಗಳ ಅಂತರ ಒಂದೇ ಆದ್ದರಿಂದ ಅವು ಗಡಿಯಾರಕ್ಕೂ ಒದಗುತ್ತವೆ. 2023ರ ಮೇನಲ್ಲಿ ಇಸ್ರೋ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿದೆ.