ಹಗುರ ಚೀಲ, ಗಟ್ಟಿ ಬುತ್ತಿ

ಚಾರಣಕ್ಕೆ ಹೊರಡುವ ಹಿಂದಿನ ರಾತ್ರಿ ಹತ್ತು ಗಂಟೆಗೆ ಅಂಗಡಿಗೆ ಓಡುತ್ತೀರಲ್ಲ, ಮೊದಲು ಆ ಅಭ್ಯಾಸ ಬಿಡಿ. ಕೈಗೆ ಸಿಕ್ಕ ಬ್ರೆಡ್ಡು, ಗಾಜಿನ ಬಾಟಲಿಯ ಜಾಮು, ಒಂದು ಡಜನ್ ಬಾಳೆಹಣ್ಣು, ಎಂಟು ಪೊಟ್ಟಣ ಚಿಪ್ಸು ಎಲ್ಲವನ್ನೂ ತುರುಕಿಕೊಂಡು ಬರುತ್ತೀರಿ. ಬೆಟ್ಟದ ಬುಡ ತಲುಪುವಷ್ಟರಲ್ಲಿ ಬಾಳೆಹಣ್ಣು ಬಟ್ಟೆಗೆಲ್ಲ ಮೆತ್ತಿಕೊಂಡಿರುತ್ತದೆ. ಬೂಟಿಗಾಗಿ ಹದಿನೈದು ದಿನ ಹುಡುಕುತ್ತೀರಿ, ಹೊಟ್ಟೆಗಾಗಿ ಅರ್ಧ ಗಂಟೆ ಕೊಡುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕುಮಾರ ಪರ್ವತಕ್ಕೆ ಹೋಗುವವರು ಹೇಗೋ ನಿಭಾಯಿಸಬಹುದು. ಅದರ ಎತ್ತರ 1,712 ಮೀಟರು, ಒಂದೆರಡು ದಿನದ ದಾರಿ. ಮನೆಯಿಂದ ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋದರೆ ಮೊದಲ ದಿನ ಕಳೆಯುತ್ತದೆ. ನಾನು ಹೇಳುತ್ತಿರುವುದು ಅಡುಗೆಯವರಿಲ್ಲದೆ, ಹೇಸರಗತ್ತೆಯಿಲ್ಲದೆ, ಐದಾರು ದಿನದ ಅನ್ನವನ್ನು ಸ್ವಂತ ಬೆನ್ನಿನ ಮೇಲೇ ಹೊತ್ತು ಹಿಮಾಲಯದ ದಾರಿ ಹಿಡಿಯುವ ನಿಮಗೆ. ಅಲ್ಲಿ ತಪ್ಪು ಲೆಕ್ಕಕ್ಕೆ ಅಂಗಡಿಯಿಲ್ಲ.

ಒಂದು ಮಾತು ಚೆನ್ನಾಗಿ ತಲೆಯಲ್ಲಿಟ್ಟುಕೊಳ್ಳಿ: ಬುತ್ತಿಯೊಳಗೆ ನೀರು ಹೊರಬೇಡಿ. ಕಿತ್ತಳೆ, ಸೌತೆಕಾಯಿ, ಬೇಯಿಸಿದ ಅನ್ನ, ಡಬ್ಬಿಯ ಪಲ್ಯ ಇವೆಲ್ಲ ಬಹುಪಾಲು ನೀರೇ. ನೂರು ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ ಸಿಕ್ಕರೆ, ನೂರು ಗ್ರಾಂ ಅವಲಕ್ಕಿಯಲ್ಲಿ 350 ಸಿಗುತ್ತದೆ. ಶೇಂಗಾದಲ್ಲಿ 560ರ ಮೇಲೆ, ಒಣಕೊಬ್ಬರಿಯಲ್ಲಿ 650ರ ಆಸುಪಾಸು, ತುಪ್ಪದಲ್ಲಿ 900ರ ಹತ್ತಿರ. ಪಿಷ್ಟವಾಗಲಿ ಪ್ರೋಟೀನಾಗಲಿ ಗ್ರಾಮಿಗೆ ನಾಲ್ಕು ಕ್ಯಾಲೊರಿ ಕೊಟ್ಟರೆ, ಜಿಡ್ಡು ಒಂಬತ್ತು ಕೊಡುತ್ತದೆ. ಊರಲ್ಲಿ ತುಪ್ಪ ಕಂಡರೆ ದೂರ ಸರಿಯುವವರು ನೀವು, ಗೊತ್ತು. ಬೆಟ್ಟದಲ್ಲಿ ಆ ಹಟ ಬೇಡ. ಹೊರೆ ಹೊತ್ತು ದಿನವಿಡೀ ಏರುವ ಮೈ ಮೂರು ಸಾವಿರದಿಂದ ನಾಲ್ಕು ಸಾವಿರ ಕ್ಯಾಲೊರಿ ಕೇಳುತ್ತದೆ. ಅಷ್ಟನ್ನು ಹಗುರವಾಗಿ ಹೊರಬೇಕೆಂದರೆ ಜಿಡ್ಡಿಲ್ಲದೆ ದಾರಿಯಿಲ್ಲ.

ಇದಕ್ಕಾಗಿ ನೀವು ಸಾವಿರಾರು ರೂಪಾಯಿ ಕೊಟ್ಟು ವಿದೇಶಿ ಪೊಟ್ಟಣ ತರಿಸುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಿಮ್ಮಜ್ಜಿಯ ಅಡುಗೆಮನೆಯ ಅಟ್ಟದ ಮೇಲೆ ಇದ್ದದ್ದೇನು? ಹುರಿಹಿಟ್ಟು. ಅಕ್ಕಿ, ಗೋಧಿ ಅಥವಾ ರಾಗಿಯನ್ನು ಘಮ್ಮೆನ್ನುವ ತನಕ ಹುರಿದು ಬೀಸಿದ ಹಿಟ್ಟು. ಹುರಿಯುವಾಗಲೇ ಬೆಂದಿರುವುದರಿಂದ ಒಲೆ ಬೇಡ. ಬಟ್ಟಲಿಗೆ ಒಂದು ಹಿಡಿ ಸುರಿದು, ಬೆಲ್ಲ, ಹಾಲಿನಪುಡಿ, ತುಪ್ಪ, ಬಿಸಿನೀರು ಹಾಕಿ ಕಲಸಿದರೆ ಊಟವಾಯಿತು. ಬಿಸಿನೀರಿಲ್ಲವೆ, ತಣ್ಣೀರಲ್ಲೇ ಆಗುತ್ತದೆ. ಲಡಾಖಿನವರೂ ಟಿಬೆಟಿನವರೂ ಮಾಡುವುದು ಇದನ್ನೇ. ಹುರಿದ ಬಾರ್ಲಿಯ ಹಿಟ್ಟನ್ನು ಬೆಣ್ಣೆ ಚಹಾದಲ್ಲಿ ಬಟ್ಟಲಲ್ಲೇ ಬೆರಳಿಂದ ನಾದಿ ಉಂಡೆ ಕಟ್ಟುತ್ತಾರೆ. ತ್ಸಾಂಪಾ ಎಂದು ಅದರ ಹೆಸರು. ನೋಡಬೇಕೆಂದರೆ ಲೇಹ್‌ವರೆಗೆ ಹೋಗಬೇಕಾಗಿಲ್ಲ. 1960ರ ದಶಕದಲ್ಲಿ ಬೈಲಕುಪ್ಪೆಗೂ ಮುಂಡಗೋಡಿಗೂ ಬಂದು ನೆಲೆಸಿದ ಟಿಬೆಟಿಯನ್ನರು ಅದನ್ನು ತಮ್ಮೊಂದಿಗೇ ತಂದಿದ್ದಾರೆ.

ಇನ್ನು ಅಂಟಿನುಂಡೆ. ಬಾಣಂತಿಗೆ ಕೊಡುವ ತಿಂಡಿ ಎಂದು ಮೂಗು ಮುರಿಯಬೇಡಿ. ಒಣಕೊಬ್ಬರಿ, ಉತ್ತುತ್ತೆ, ಬಾದಾಮಿ, ತುಪ್ಪದಲ್ಲಿ ಅರಳಿಸಿದ ಅಂಟು, ಬೆಲ್ಲದ ಪಾಕ. ಇದಕ್ಕಿಂತ ಒಳ್ಳೆಯ ಬೆಟ್ಟದ ತಿನಿಸು ನನಗೆ ಗೊತ್ತಿಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಕಾಡೆಮ್ಮೆಯ ಮಾಂಸವನ್ನು ಒಣಗಿಸಿ ಕುಟ್ಟಿ, ಕರಗಿಸಿದ ಕೊಬ್ಬು ಬೆರೆಸಿ, ಕೆಲವೊಮ್ಮೆ ಕಾಡುಹಣ್ಣನ್ನೂ ಸೇರಿಸಿ ಪೆಮ್ಮಿಕನ್ ಎಂಬ ಬುತ್ತಿ ಮಾಡಿಕೊಳ್ಳುತ್ತಿದ್ದರು. ಬೇಟೆಗೂ ದೂರದ ಪಯಣಕ್ಕೂ ಅದೇ ಆಧಾರ. ಆ ಹೆಸರು ಬಂದದ್ದೂ ಅಲ್ಲಿನ ಕ್ರೀ ಭಾಷೆಯಲ್ಲಿ ಕೊಬ್ಬಿಗಿರುವ ಮಾತಿನಿಂದ. ತೇವ ತೆಗೆದದ್ದಕ್ಕೆ ಜಿಡ್ಡು ಕೂಡಿಸುವ ಉಪಾಯ ಅವರಿಗೂ ಹೊಳೆದಿತ್ತು, ನಮ್ಮ ಅಜ್ಜಿಯರಿಗೂ ಹೊಳೆದಿತ್ತು. ಅಂಟಿನುಂಡೆಯನ್ನು ಮಾತ್ರ ನಿಂಬೆ ಗಾತ್ರಕ್ಕಿಂತ ದೊಡ್ಡದು ಕಟ್ಟಬೇಡಿ. ಚಳಿಗೆ ಕಲ್ಲಾಗುತ್ತದೆ, ಹಲ್ಲು ಜೋಪಾನ. ಬೆಳಿಗ್ಗೆಯೇ ಎರಡನ್ನು ಜಾಕೆಟ್ಟಿನ ಒಳಜೇಬಿಗೆ ಹಾಕಿಕೊಂಡರೆ ಮೈಶಾಖಕ್ಕೆ ಮೆತ್ತಗಾಗಿರುತ್ತವೆ.

ಮನೆಯಲ್ಲಿ ತಕ್ಕಡಿ ಇದೆಯಲ್ಲ, ಅದನ್ನು ಮುಂದಿಟ್ಟುಕೊಂಡು ಕೂತುಕೊಳ್ಳಿ. ನಾನು ಒಬ್ಬರ ಒಂದು ದಿನಕ್ಕೆ ಕಟ್ಟುವುದು ಹೀಗೆ: ಬೆಳಿಗ್ಗೆಗೆ ಶೇಂಗಾ ಸೇರಿಸಿದ ಗೊಜ್ಜವಲಕ್ಕಿಯ ಪುಡಿ 120 ಗ್ರಾಂ. ನಡೆಯುತ್ತ ತಿನ್ನಲು ಎರಡು ಅಂಟಿನುಂಡೆ, ಜೊತೆಗೆ ಹುರಿದ ಶೇಂಗಾ, ಗೋಡಂಬಿ, ಒಣದ್ರಾಕ್ಷಿ, ಕೊಬ್ಬರಿ ಚೂರು ಬೆರೆಸಿದ್ದು 150 ಗ್ರಾಂ. ಮಧ್ಯಾಹ್ನಕ್ಕೆ ಹುರಿಹಿಟ್ಟು 100, ಬೆಲ್ಲದ ಪುಡಿ 50, ತುಪ್ಪ 30. ರಾತ್ರಿಗೆ ಒಗ್ಗರಣೆ ಪುಡಿ ಬೆರೆಸಿಟ್ಟ ಸಣ್ಣ ಶಾವಿಗೆ 120, ಮೇಲೆ ಒಂದು ದೊಡ್ಡ ಚಮಚ ತುಪ್ಪ. ಹಾಲಿನಪುಡಿ 30. ಕೂಡಿದರೆ ಸುಮಾರು 700 ಗ್ರಾಂ ತೂಕ, 3,200 ಕ್ಯಾಲೊರಿ. ಐದು ದಿನಕ್ಕೆ ಮೂರೂವರೆ ಕಿಲೊ. ಮೈಕಟ್ಟು ದೊಡ್ಡದಿದ್ದವರು ಶೇಂಗಾ, ತುಪ್ಪವನ್ನು ಹೆಚ್ಚಿಸಿಕೊಳ್ಳಲಿ, ಅವಲಕ್ಕಿಯನ್ನಲ್ಲ.

ಮಂಡಕ್ಕಿ ಹಗುರವಲ್ಲವೆ ಎಂದು ಕೇಳುತ್ತೀರಿ. ಹಗುರ ನಿಜ, ಆದರೆ ಅರ್ಧ ಚೀಲ ಅದೇ ನುಂಗುತ್ತದೆ. ಚಿಪ್ಸು ಪೊಟ್ಟಣದ ಕತೆಯೂ ಅಷ್ಟೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಪೊಟ್ಟಣ ಬಲೂನಿನಂತೆ ಉಬ್ಬುತ್ತದೆ. ಕೊಬ್ಬರಿ ಎಣ್ಣೆ ನಮ್ಮ ಬೆಂಗಳೂರಿನ ಚಳಿಗೇ ಗಟ್ಟಿಯಾಗುತ್ತದೆ, ತುಪ್ಪವೂ ಹಾಗೆಯೇ. ಕಿರುಬಾಯಿಯ ಬಾಟಲಿಗೆ ತುಂಬಿದರೆ ಅಲ್ಲಿ ಚಾಕು ಹಾಕಿ ಕೆದಕುತ್ತ ಕೂರಬೇಕು. ಅಗಲ ಬಾಯಿಯ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ.

ಬೇಳೆ, ಅಕ್ಕಿ ಕಟ್ಟಿಕೊಂಡು ಹೋಗುವ ಹಟ ಬೇಡ. 300 ಮೀಟರ್ ಏರಿದರೆ ನೀರು ಕುದಿಯುವ ಶಾಖ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 3,636 ಮೀಟರಿನ ಸಂದಕ್‌ಫೂನಲ್ಲಿ ನೀರು 88 ಡಿಗ್ರಿಗೇ ಕುದ್ದುಬಿಡುತ್ತದೆ. ಕುಕ್ಕರ್ ಇಲ್ಲದೆ ಅಲ್ಲಿ ತೊಗರಿಬೇಳೆ ಬೇಯಿಸಲು ಕೂತರೆ ಗ್ಯಾಸ್ ಖಾಲಿಯಾಗುತ್ತದೆ, ಬೇಳೆ ಮಾತ್ರ ಹಲ್ಲಿಗೆ ಸಿಗುತ್ತಲೇ ಇರುತ್ತದೆ. ಬಿಸಿನೀರು ಸುರಿದು ಹತ್ತು ನಿಮಿಷ ಮುಚ್ಚಿಟ್ಟರೆ ತಿನ್ನಲು ಬರುವಂಥದ್ದನ್ನೇ ಆರಿಸಿ. ಗ್ಯಾಸ್ ಡಬ್ಬಿಯ ಮೇಲೆ ಏನು ಬರೆದಿದೆ ಎಂದೂ ಓದಿ. ಬರೀ ಬ್ಯೂಟೇನ್ ಇದ್ದರೆ ಸೊನ್ನೆ ಡಿಗ್ರಿಯ ಹತ್ತಿರ ಅದು ಆವಿಯಾಗುವುದೇ ಇಲ್ಲ, ಒಲೆ ಉರಿಯುವುದಿಲ್ಲ. ಪ್ರೊಪೇನ್ ಬೆರೆತದ್ದನ್ನು ಕೇಳಿ ತೆಗೆದುಕೊಳ್ಳಿ. ಸೌದೆ ಒಟ್ಟಿ ಕಾಡಿನಲ್ಲಿ ಬೆಂಕಿ ಹಾಕುವ ಯೋಚನೆಯಂತೂ ಬೇಡವೇ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಎತ್ತರಕ್ಕೆ ಹೋದಂತೆ ಹಸಿವು ಸಾಯುತ್ತದೆ. ಒಮ್ಮೆ ನಾನು ನಮ್ಮ ತಂಡಕ್ಕೆ ಬುತ್ತಿ ಕಟ್ಟುವಾಗ ಕ್ಯಾಲೊರಿಯ ಲೆಕ್ಕವನ್ನಷ್ಟೇ ನೋಡಿ, ಉಂಡೆ, ಚಿಕ್ಕಿ, ತಂಬಿಟ್ಟು ಎಂದು ಬರೀ ಸಿಹಿಯನ್ನೇ ತುಂಬಿದ್ದೆ. ಮೂರನೆಯ ದಿನ ಸಂಜೆ ನನ್ನ ಅಕ್ಕನ ಮಗಳು ಡೇರೆಯ ಬಾಗಿಲಲ್ಲಿ ಕೂತು, ತಂಬಿಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ಚಿಕ್ಕಮ್ಮಾ ಇದನ್ನು ನೋಡಿದರೇ ಹೊಟ್ಟೆ ತೊಳಸುತ್ತೆ ಎಂದಳು. ತಲೆನೋವಿಲ್ಲ, ವಾಂತಿಯಿಲ್ಲ, ಬರೀ ಬಾಯಿ ಕಟ್ಟಿಹೋಗಿತ್ತು. ಪಕ್ಕದ ಡೇರೆಯ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಖಡಕ್ ರೊಟ್ಟಿ ಮುರಿದು, ಅದರ ಮೇಲೆ ಶೇಂಗಾ ಚಟ್ನಿಪುಡಿ, ಚೂರು ನಿಂಬೆ ಉಪ್ಪಿನಕಾಯಿ ಇಟ್ಟು ಕೊಟ್ಟಳು. ಇವಳು ಮೊದಲು ಉಪ್ಪಿನಕಾಯಿಯ ರಸ ನೆಕ್ಕಿದಳು, ಆಮೇಲೆ ಒಂದೊಂದೇ ಚೂರು ಕಡಿದು ಎರಡು ರೊಟ್ಟಿ ಮುಗಿಸಿದಳು. ಉಪ್ಪಿಗಿಂತ ರುಚಿಯಿಲ್ಲ ಎಂಬ ಮಾತಿನ ಬೆಲೆ ನನಗೆ ಆ ಸಂಜೆ ತಿಳಿಯಿತು. ಅಂದಿನಿಂದ ನನ್ನ ಚೀಲದಲ್ಲಿ ಸಿಹಿಯಷ್ಟೇ ಖಾರ, ಉಪ್ಪು, ಹುಳಿಯೂ ಇರುತ್ತವೆ. ಚಟ್ನಿಪುಡಿಯ ಶೇಂಗಾವೂ ಕ್ಯಾಲೊರಿಯೇ ತಾನೆ.

ಆದರೆ ಊಟ ಸೇರದ ಜೊತೆಗೆ ತಲೆಸಿಡಿತ, ವಾಂತಿ, ತೂರಾಡುವ ನಡಿಗೆ ಕಂಡರೆ ಅದು ಬಾಯಿರುಚಿಯ ಮಾತಲ್ಲ, ಎತ್ತರದ ಕಾಯಿಲೆ. ಆಗ ತಿನ್ನಿಸುವ ಬಲವಂತ ಬಿಟ್ಟು ಕೆಳಗಿಳಿಸಿ. ಬೆಳಿಗ್ಗೆ ನೋಡೋಣ ಎನ್ನಬೇಡಿ.

ಹಸಿವಾದ ಮೇಲೆ ತಿನ್ನುತ್ತೇನೆ ಎನ್ನುವುದು ಊರಿನ ನಿಯಮ. ಏರುದಾರಿಯಲ್ಲಿ ಗಂಟೆಗೊಮ್ಮೆ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಿ, ಜೊತೆಗೆ ನಾಲ್ಕು ಗುಟುಕು ನೀರು. ಒಣ ತಿನಿಸು ನೀರು ಬೇಡುತ್ತದೆ, ಅದನ್ನು ಮರೆತು ಮಲಬದ್ಧತೆ ಎಂದು ಗೋಳಾಡುವವರು ಬಹಳ. ಬೆಟ್ಟಕ್ಕೆಂದು ಕಟ್ಟಿದ್ದನ್ನು ಮೊದಲು ಒಂದು ಭಾನುವಾರ ಮನೆಯಲ್ಲೇ ಬೆಳಿಗ್ಗೆಯಿಂದ ರಾತ್ರಿವರೆಗೆ ತಿಂದು ನೋಡಿ. ಸೇರದ್ದು, ಹೊಟ್ಟೆ ಉಬ್ಬರಿಸುವುದು ಅಲ್ಲಿಯೇ ಗೊತ್ತಾಗುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ.

ಕಟ್ಟುವಾಗ ದಿನಕ್ಕೊಂದು ಚೀಲ ಮಾಡಿ, ಮೇಲೆ ಒಂದು, ಎರಡು ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಇಲ್ಲವಾದರೆ ಮೊದಲ ಸಂಜೆಯೇ ಗೋಡಂಬಿಯೆಲ್ಲ ಮಾಯ, ಕೊನೆಯ ದಿನ ಒಣ ಅವಲಕ್ಕಿ. ಅಂಗಡಿಯ ರಟ್ಟು, ಹೊರಪೊಟ್ಟಣಗಳನ್ನು ಮನೆಯಲ್ಲೇ ತೆಗೆದುಹಾಕಿ. ಉಳಿದ ಖಾಲಿ ಚೀಲಗಳನ್ನು ಮಡಿಸಿ ವಾಪಸು ತನ್ನಿ, ಒಂದು ಚಾಕೊಲೇಟಿನ ಸಿಪ್ಪೆಯೂ ಮೇಲೆ ಉಳಿಯಕೂಡದು.

ಎಣಿಸಿದ ದಿನಗಳ ಜೊತೆಗೆ ಇನ್ನೊಂದು ದಿನದ ಚೀಲ ಕಟ್ಟಿ, ಅದಕ್ಕೆ ಕೆಂಪು ದಾರ ಸುತ್ತಿ ತಳದಲ್ಲಿಡಿ. ಹಿಮ ಬಿದ್ದು ದಾರಿ ಮುಚ್ಚಿದರೆ, ಜೊತೆಯವರ ಕಾಲು ಉಳುಕಿದರೆ ಅದು ಬೇಕಾಗುತ್ತದೆ. ಏನೂ ಆಗದಿದ್ದರೆ ಇಳಿದು ಬಂದು ಜೀಪು ಹತ್ತಿ ಕೂತ ಮೇಲೆ ಅದರ ದಾರ ಬಿಚ್ಚಿ, ಡ್ರೈವರಿಗೂ ಒಂದು ಉಂಡೆ ಕೊಡಿ.