ಸೆರೆಮನೆಯ ಸೇವೆಯೂ ಶಾಸನದ ಕಟ್ಟಳೆಯೂ

ಬಂದಿಗಳನ್ನು ಕಂಡುಬರುವುದು ಕ್ರೈಸ್ತರ ಪಾಲಿಗೆ ಬಹು ಪುರಾತನವಾದ ಧರ್ಮಕಾರ್ಯ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹಸಿದವನಿಗೆ ಅನ್ನವನ್ನೂ ಪರದೇಶಿಗೆ ಆಶ್ರಯವನ್ನೂ ನೀಡುವ ಕರ್ತವ್ಯಗಳ ಸಾಲಿನಲ್ಲಿಯೇ ಅದು ಎಣಿಸಲ್ಪಟ್ಟಿದೆ. ನಮ್ಮ ದೇಶದಲ್ಲಿ 1981ರಲ್ಲಿ, ಕೇರಳದ ಗುರುಮಠದಲ್ಲಿ ಇನ್ನೂ ವ್ಯಾಸಂಗನಿರತರಾಗಿದ್ದ ವರ್ಗೀಸ್ ಕರಿಪ್ಪೇರಿ, ಫ್ರಾನ್ಸಿಸ್ ಕೋಡಿಯನ್ ಎಂಬ ಇಬ್ಬರ ಯತ್ನದಿಂದ ಮೊಳೆತ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಎಂಬ ಸಂಸ್ಥೆಯು ಇಂದು ಕ್ಯಾಥೊಲಿಕ ಧರ್ಮಾಧ್ಯಕ್ಷರ ಆಶ್ರಯದಲ್ಲಿ ನಾನಾ ರಾಜ್ಯಗಳಲ್ಲಿ ಸ್ವಯಂಸೇವಕರನ್ನು ಹೊಂದಿದೆ. ಆದರೆ ಪರಪ್ಪನ ಅಗ್ರಹಾರದ ಸೆರೆಮನೆಯ ದ್ವಾರದಲ್ಲಾಗಲಿ ಹಿಂಡಲಗಾದ ಸೆರೆಮನೆಯ ದ್ವಾರದಲ್ಲಾಗಲಿ ಸತ್ಯವೇದವನ್ನು ಕೈಯಲ್ಲಿ ಹಿಡಿದು ನಿಂತವನನ್ನು ಪಹರೆಯವನು ಕೇಳುವುದು ಒಂದೇ ಮಾತು, ಅನುಮತಿ ಪತ್ರವೆಲ್ಲಿ ಎಂದು. ಅಲ್ಲಿಂದ ಮುಂದಿನದೆಲ್ಲವೂ ಕಾನೂನಿನ ವಿಷಯ.

ಸಂವಿಧಾನದ 25ನೆಯ ಅನುಚ್ಛೇದವು ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಗಳಿಗೆ ಒಳಪಟ್ಟಂತೆ ಎಲ್ಲರಿಗೂ ಕೊಟ್ಟಿರುವುದರಿಂದ ಸೆರೆಮನೆಯನ್ನು ಹೊಗುವುದೂ ತಮ್ಮ ಹಕ್ಕೇ ಎಂದು ಬಗೆದಿರುವ ಸಜ್ಜನರುಂಟು. ಇದು ತಪ್ಪು ತಿಳಿವಳಿಕೆ. ಇಲ್ಲಿ ಹಕ್ಕೆಂಬುದು ಒಳಗಿರುವ ಬಂದಿಯದು. ಹೊರಗಿನಿಂದ ಬರುವವನಿಗಿರುವುದು ಅನುಮತಿ ಮಾತ್ರ. ಶಿಕ್ಷೆಗೊಳಗಾದ ಮಾತ್ರಕ್ಕೆ ಮನುಷ್ಯನು ತನ್ನ ಮೂಲಭೂತ ಹಕ್ಕುಗಳೆಲ್ಲವನ್ನೂ ಕಳೆದುಕೊಳ್ಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಪಟ್ನಾಯಕ್ ಪ್ರಕರಣದಲ್ಲಿಯೂ 1978ರಲ್ಲಿ ಸುನಿಲ್ ಬಾತ್ರಾ ಪ್ರಕರಣದಲ್ಲಿಯೂ ಸಾರಿತು. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ ಪೈಕಿ 65ನೆಯದು, ಯಾವ ಬಂದಿಗೂ ಯಾವುದೇ ಧರ್ಮದ ಅರ್ಹ ಪ್ರತಿನಿಧಿಯ ಭೇಟಿಯನ್ನು ನಿರಾಕರಿಸಕೂಡದೆಂದು ಹೇಳಿ, ಅದೇ ಉಸಿರಿನಲ್ಲಿ, ಅಂಥ ಭೇಟಿ ತನಗೆ ಬೇಡವೆನ್ನುವ ಬಂದಿಯ ಇಚ್ಛೆಯನ್ನು ಸಂಪೂರ್ಣವಾಗಿ ಗೌರವಿಸಬೇಕೆಂದೂ ವಿಧಿಸುತ್ತದೆ. ಈ ಎರಡನೆಯ ಭಾಗವನ್ನು ನಮ್ಮ ಉತ್ಸಾಹಿಗಳು ಓದಿದ್ದು ಕಡಮೆ.

ಕಾರಾಗೃಹಗಳು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯಪಟ್ಟಿಗೆ ಸೇರಿದ ವಿಷಯವಾದುದರಿಂದ ಕರ್ನಾಟಕದಲ್ಲಿ 1963ರ ಕಾರಾಗೃಹಗಳ ಅಧಿನಿಯಮವೂ ಅದರಡಿಯ ನಿಯಮಗಳೂ ಅನ್ವಯಿಸುತ್ತವೆ. ಸೇವಾಸಂಸ್ಥೆಯು ತನ್ನ ಕಾರ್ಯಕ್ರಮದ ಸ್ವರೂಪ, ದಿನ, ವೇಳೆ, ಒಳಬರುವವರ ಹೆಸರು ಮತ್ತು ವಿಳಾಸ, ಒಯ್ಯುವ ವಸ್ತುಗಳು, ಇವಿಷ್ಟನ್ನೂ ಬರೆದು, ಗುರುತಿನ ಚೀಟಿಗಳ ಪ್ರತಿಯೊಡನೆ ಅಧೀಕ್ಷಕರಿಗೆ ಮುಂಗಡವಾಗಿ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಹಲವು ರಾಜ್ಯಗಳ ಶಾಸನಗಳಿಗೆ ಮಾದರಿಯಾದ 1894ರ ಕಾಯಿದೆಯ 41ನೆಯ ಪ್ರಕರಣದಂತೆ, ಸಂಶಯಕ್ಕೆ ಆಸ್ಪದವಿದ್ದರೆ ಜೈಲರು ಸಂದರ್ಶಕನನ್ನು ತಪಾಸಣೆ ಮಾಡಿಸಬಹುದು. ಆದರೆ ಅದು ಬಂದಿಯ ಎದುರಿನಲ್ಲಾಗಲಿ ಬೇರೊಬ್ಬ ಸಂದರ್ಶಕನ ಎದುರಿನಲ್ಲಾಗಲಿ ನಡೆಯಕೂಡದು. ಒಪ್ಪದವನಿಗೆ ಪ್ರವೇಶವಿಲ್ಲ. ಮೊಬೈಲನ್ನು ಹೊರಗಿಡಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ತಿಳಿಯದೆ ಎಡವುವುದು ಸಣ್ಣ ವಸ್ತುಗಳ ವಿಷಯದಲ್ಲಿ. ಬಲಿಪೂಜೆಗೆ ಬೇಕಾದ ದ್ರಾಕ್ಷಾರಸ ಬೆರಳುದ್ದದ ಸೀಸೆಯಲ್ಲಿದ್ದರೂ ಕಾರಾಗೃಹದ ದೃಷ್ಟಿಯಲ್ಲಿ ಮದ್ಯವೇ. ಅರ್ಜಿಯಲ್ಲಿ ಅದನ್ನು ಪ್ರತ್ಯೇಕವಾಗಿ ನಮೂದಿಸಿ ಒಪ್ಪಿಗೆ ಪಡೆಯದೆ ಒಯ್ದ ಧರ್ಮಗುರುವು ನಿಷಿದ್ಧ ವಸ್ತುವನ್ನು ಒಳಗೆ ಸಾಗಿಸಿದವನಾಗುತ್ತಾನೆ. ಬಂದಿಯೊಬ್ಬನು ಕೈಗಿತ್ತ ಚೀಟಿಯನ್ನು ಅವನ ಮನೆಗೆ ಮುಟ್ಟಿಸುವುದು ಕರುಣೆಯ ಕಾರ್ಯವಾಗಿ ತೋರಿದರೂ ಅದೂ ಅಪರಾಧವೇ.

ಅನುಮತಿ ನಿರಾಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಹಾಕಿದಲ್ಲಿ 30 ದಿನಗಳೊಳಗೆ ಉತ್ತರ ಕೊಡುವುದು ಇಲಾಖೆಯ ಹೊಣೆ. ಉಪಾಸನೆಯ ಅವಕಾಶವೇ ತಪ್ಪಿಹೋದಾಗ 226ನೆಯ ಅನುಚ್ಛೇದದಡಿ ಉಚ್ಚ ನ್ಯಾಯಾಲಯದ ಬಾಗಿಲು ತೆರೆದಿದೆ. ಆ ರಿಟ್ ಅರ್ಜಿಯನ್ನು ಸಂಸ್ಥೆಯ ಹೆಸರಿನಲ್ಲಿ ಹೂಡುವುದಕ್ಕಿಂತ ಬಂದಿಯ ಹೆಸರಿನಲ್ಲಿ ಹೂಡುವುದು ಲೇಸು.

ಮತಾಂತರದ ಪ್ರಶ್ನೆಯನ್ನು ಮರೆಮಾಚುವುದರಿಂದ ಯಾರಿಗೂ ಹಿತವಿಲ್ಲ. ಪ್ರಸಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅಡಕವಾಗಿಲ್ಲವೆಂದು 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ತೀರ್ಪಾಗಿದೆ. ಕರ್ನಾಟಕದ 2022ರ ಕಾಯಿದೆಯು ಬಲಾತ್ಕಾರ, ಅನುಚಿತ ಪ್ರಭಾವ, ಆಮಿಷ ಮೊದಲಾದವುಗಳಿಂದಾಗುವ ಮತಾಂತರಕ್ಕೆ 3ರಿಂದ 5 ವರ್ಷಗಳ ಸೆರೆಯನ್ನು ವಿಧಿಸಿ, ಉಡುಗೊರೆಯನ್ನೂ ಆಮಿಷದ ಪರಿಭಾಷೆಯೊಳಗೆ ಸೇರಿಸಿತು. 2023ರ ಜೂನ್‌ನಲ್ಲಿ ಅದನ್ನು ರದ್ದುಗೊಳಿಸಲು ಸಚಿವ ಸಂಪುಟವು ತೀರ್ಮಾನಿಸಿತಾದರೂ ಸಂಪುಟದ ತೀರ್ಮಾನದಿಂದಲೇ ಕಾಯಿದೆಯೊಂದು ಅಳಿದುಹೋಗುವುದಿಲ್ಲವೆಂಬುದು ನೆನಪಿನಲ್ಲಿರಲಿ. ಸಾಬೂನು, ಕಂಬಳಿ, ಕ್ರಿಸ್‌ಮಸ್ ಕೇಕುಗಳನ್ನು ಪ್ರಾರ್ಥನೆಗೆ ಬಂದವರಿಗಷ್ಟೇ ಹಂಚುವವನು ಸಂದೇಹವನ್ನು ತಾನೇ ಆಹ್ವಾನಿಸಿದಂತೆ. ಅವನ್ನು ಅಧೀಕ್ಷಕರ ಮೂಲಕ ಬ್ಯಾರಕ್ಕಿನ ಎಲ್ಲರಿಗೂ ಸಮನಾಗಿ ಕೊಡಿಸಿ ರಸೀದಿ ಇಟ್ಟುಕೊಳ್ಳುವುದು ಕ್ಷೇಮ. ಸ್ವತಂತ್ರನಲ್ಲದವನ ಸಮ್ಮತಿಯು ಎಷ್ಟು ಸ್ವತಂತ್ರವೆಂಬ ಶಂಕೆ ನ್ಯಾಯವಾದುದೇ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಅಪಾಯವಿದೆ, ಅದರ ಅರಿವಿರುವವರು ವಿರಳ. ವಕೀಲನಿಗೆ ಕಕ್ಷಿಗಾರನು ಹೇಳಿದ ಮಾತಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಪ್ರಕರಣದ ರಕ್ಷಣೆಯುಂಟು. ಧರ್ಮಗುರುವಿಗಾಗಲಿ ಸ್ವಯಂಸೇವಕನಿಗಾಗಲಿ ಆ ರಕ್ಷಣೆ ಇಲ್ಲ. ಪಾಪನಿವೇದನೆಯ ಗುಟ್ಟನ್ನು ಚರ್ಚಿನ ಶಾಸನವು ಅಭೇದ್ಯವೆಂದು ಸಾರಿದರೂ ದೇಶದ ಶಾಸನವು ಹಾಗೆ ಹೇಳಿಲ್ಲ. ವಿಚಾರಣಾಧೀನ ಬಂದಿಯು ದುಃಖದ ಭರದಲ್ಲಿ ನುಡಿದ ತಪ್ಪೊಪ್ಪಿಗೆಯು ನಾಳೆ ಸಾಕ್ಷಿಕಟ್ಟೆಯಲ್ಲಿ ಕೇಳುಗನ ಬಾಯಿಂದಲೇ ಹೊರಬರುವ ಪ್ರಸಂಗ ಒದಗಬಹುದು. ಆದುದರಿಂದ ಪ್ರಕರಣದ ವೃತ್ತಾಂತವನ್ನು ಕೇಳದಿರುವುದೇ ವಿವೇಕ; ಬಂದಿಯು ತಾನಾಗಿ ಹೇಳತೊಡಗಿದರೆ, ಅದನ್ನು ವಕೀಲರಿಗೆ ಹೇಳಪ್ಪಾ ಎಂದು ತಡೆಯಬೇಕು.

ಕೇಳತಕ್ಕದ್ದು ಬೇರೆಯೇ ಇದೆ: ವಕೀಲರಿದ್ದಾರೆಯೇ, ಜಾಮೀನು ಮಂಜೂರಾಗಿದೆಯೇ, ಆಗಿದ್ದರೆ ಇನ್ನೂ ಏಕೆ ಒಳಗಿರುವೆ? ಈ ಕಡೆಯ ಪ್ರಶ್ನೆಗೆ ಬರುವ ಉತ್ತರ ಬಹುಮಟ್ಟಿಗೆ ಒಂದೇ. ಪಹಣಿ ಹಿಡಿದು ಬಂದು ನ್ಯಾಯಾಲಯದಲ್ಲಿ ಜಾಮೀನುದಾರನಾಗಿ ನಿಲ್ಲಬಲ್ಲವರು ಊರಿಂದ ಬರಲಿಲ್ಲ, ಬಂದವರ ಪಹಣಿಯಲ್ಲಿ ಹೆಸರು ತಂದೆಯದು, ತಂದೆ ತೀರಿಹೋಗಿ ಎಷ್ಟೋ ವರ್ಷವಾದರೂ ಖಾತೆ ಬದಲಾಗಿಲ್ಲ. ಇಂಥವರಿಗಾಗಿಯೇ ಸರ್ವೋಚ್ಚ ನ್ಯಾಯಾಲಯವು 2023ರ ಜನವರಿ 31ರಂದು, ಜಾಮೀನು ದೊರೆತು 7 ದಿನಗಳಾದರೂ ಬಿಡುಗಡೆಯಾಗದವರ ಸಂಗತಿಯನ್ನು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದೂ, ಒಂದು ತಿಂಗಳೊಳಗೆ ಮುಚ್ಚಳಿಕೆ ಸಲ್ಲದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತನ್ನು ಸಡಿಲಿಸುವ ವಿಚಾರ ಮಾಡಬಹುದೆಂದೂ ನಿರ್ದೇಶಿಸಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣದಂತೆ, ಮರಣದಂಡನೆ ಅಥವಾ ಆಜೀವ ಕಾರಾವಾಸಕ್ಕೆ ಗುರಿಯಾಗದ ಆರೋಪವಿದ್ದು, ಬೇರೆ ಪ್ರಕರಣಗಳ ತೊಡಕಿಲ್ಲದೆ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು, ಹಿಂದೆಂದೂ ಶಿಕ್ಷೆಗೊಳಗಾಗದವನಾದರೆ ಮೂರನೆಯ ಒಂದಂಶವನ್ನು, ಒಳಗೆ ಕಳೆದವನ ಪರವಾಗಿ ನ್ಯಾಯಾಲಯಕ್ಕೆ ಬರೆಯುವುದು ಅಧೀಕ್ಷಕರ ಕರ್ತವ್ಯ. ಜಾಮೀನಿನ ಹಣ ಕಟ್ಟಲಾರದ ಬಡ ವಿಚಾರಣಾಧೀನರಿಗೂ ದಂಡ ತೆರಲಾರದ ಶಿಕ್ಷೆಗೊಳಗಾದವರಿಗೂ ನೆರವಾಗುವ ಕೇಂದ್ರದ ಯೋಜನೆಯೂ 2023ರಿಂದ ಇದೆ; ಆರಂಭದಲ್ಲಿ ಅದರ ಮಿತಿ ಮೊದಲಿನವರಿಗೆ 40,000 ರೂಪಾಯಿ, ಎರಡನೆಯವರಿಗೆ 25,000 ಆಗಿತ್ತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಪ್ರಕರಣವು ಬಂಧನದಲ್ಲಿರುವವನಿಗೆ ವರಮಾನವನ್ನು ಕೇಳದೆಯೇ ಉಚಿತ ವಕೀಲರನ್ನು ಒದಗಿಸುತ್ತದೆ, ಸಹಾಯವಾಣಿ 15100. ಬಂದಿಯ ಹೆಸರು, ಅಪರಾಧ ಸಂಖ್ಯೆ, ನ್ಯಾಯಾಲಯ, ಬಂಧನದ ದಿನಾಂಕ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು, ಅಧೀಕ್ಷಕರ ಅರಿವಿನಲ್ಲಿಯೇ ಪ್ರಾಧಿಕಾರದ ಕಚೇರಿಗೆ ತಲುಪಿಸುವ ಸ್ವಯಂಸೇವಕನು ಸುಶ್ರಾವ್ಯವಾಗಿ ಹಾಡುವವನಿಗಿಂತ ಹೆಚ್ಚು ಉಪಕಾರಿ ಎಂದರೆ ಗಾಯಕರು ಮುನಿಯಬಾರದು.

ಕ್ಷಮೆಯ ವಿಷಯವಾಗಿ ಒಂದು ಮಾತು. 1995ರಲ್ಲಿ ಮಧ್ಯಪ್ರದೇಶದಲ್ಲಿ ಬಸ್ಸಿನ ಪಯಣದಲ್ಲಿ ಕೊಲೆಯಾದ ಧರ್ಮಭಗಿನಿ ರಾಣಿ ಮರಿಯಾ ಅವರ ತಂಗಿ, ತಾವೂ ಧರ್ಮಭಗಿನಿಯಾದ ಸೆಲ್ಮಿ ಪಾಲ್ ಅವರು, 2002ರಲ್ಲಿ ಸೆರೆಮನೆಗೆ ಹೋಗಿ ಕೊಲೆಗಾರ ಸಮಂದರ್ ಸಿಂಗನ ಕೈಗೆ ರಾಖಿ ಕಟ್ಟಿದರು. ಅವನು 2006ರಲ್ಲಿ ಹೊರಬಂದನು. ಈ ಕಥೆಯನ್ನು ಕೇಳಿದ ಬಂದಿಗಳು, ಹತನಾದವನ ಮನೆಯವರು ಕ್ಷಮಿಸಿದರೆ ಬಿಡುಗಡೆಯಾಯಿತೆಂದೇ ಎಣಿಸುವುದುಂಟು. ಕೊಲೆಯು ರಾಜಿಯಾಗತಕ್ಕ ಅಪರಾಧವಲ್ಲ. ಶಿಕ್ಷೆಯನ್ನು ಮನ್ನಿಸುವ ಅಧಿಕಾರ ಸಂಹಿತೆಯ 473ನೆಯ ಪ್ರಕರಣದಡಿ ಸರ್ಕಾರಕ್ಕೆ ಸೇರಿದ್ದು. ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಆಜೀವ ಶಿಕ್ಷೆ ಪಡೆದವನಿಗೆ 14 ವರ್ಷ ತುಂಬುವವರೆಗೆ ಆ ದಾರಿ 475ನೆಯ ಪ್ರಕರಣದಿಂದ ಮುಚ್ಚಿದೆ. ಸಂವಿಧಾನದ 161ನೆಯ ಅನುಚ್ಛೇದದಡಿ ರಾಜ್ಯಪಾಲರ ಅಧಿಕಾರ ಮಾತ್ರ ಈ ಗಡಿಗೆ ಕಟ್ಟುಬಿದ್ದಿಲ್ಲ. ಬಂಧುಗಳ ಕ್ಷಮಾಪತ್ರವಿದ್ದಲ್ಲಿ ಅರ್ಜಿಯೊಡನೆ ಲಗತ್ತಿಸಬಹುದು, ಅದಕ್ಕೆ ತೂಕವೂ ಇರಬಹುದು. ಆದರೆ ಬಿಡುಗಡೆಯ ತಾರೀಖನ್ನು ಸ್ವಯಂಸೇವಕನು ಎಂದಿಗೂ ಬಾಯಿಬಿಟ್ಟು ಹೇಳಕೂಡದು, ಅರ್ಜಿ ಯಾವ ಕಚೇರಿಯ ಯಾವ ಮೇಜಿನವರೆಗೆ ಬಂದಿದೆಯೆಂಬುದನ್ನು ವಿಚಾರಿಸಿ ತಿಳಿಸಬಹುದು.